ಯಾವ ಬಾಬ್ತು ಈ ಹಣ?

ಮುಂಬಯಿಯ ಕನ್ನಡಿಗರಾದ ನಮಗೆ ಹಣದ ರವಾನೆ ಹೊಸದಲ್ಲ. ಈ ಊರಿನ ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದ ಹಿಂದಿನವರು ತಿಂಗಳು ತಿಂಗಳೂ ಊರಿಗೆ ಮನಿಯಾರ್ಡರು ಮಾಡಿದರು. ಆ ಫಾರಮಿನಲ್ಲಿ ನಾಲ್ಕು ಮಾತು ಬರೆಯಲು ಜಾಗವಿರುತ್ತಿತ್ತು. ಇದು ಬೀಜಕ್ಕೆ, ಇದು ತಂಗಿಯ ಫೀಜಿಗೆ ಎಂದು ಬರೆದರೆ ಹಣದ ಜೊತೆಗೆ ಅದರ ಬಾಬ್ತೂ ಮನೆ ಮುಟ್ಟುತ್ತಿತ್ತು. ಹೊರದೇಶದಿಂದ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಬರುವ ಹಣಕ್ಕೂ ಈಗ ಅಂಥದೇ ಒಂದು ಬಾಬ್ತು ಬೇಕು.

ನಾವು ಗಂಡ ಹೆಂಡತಿ ಡೊಂಬಿವಲಿಯ ಮನೆಯಿಂದಲೇ ಕಸೂತಿಯ ಶಾಲುಗಳನ್ನು ಅಂತರಜಾಲದಲ್ಲಿ ಮಾರುತ್ತೇವೆ. ಧಾರವಾಡದಲ್ಲಿ ಮೂವರು ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗೋಪುರ, ತುಳಸಿಕಟ್ಟೆ, ಅಂಬಾರಿಗಳನ್ನು ಮೂಡಿಸುತ್ತಿದ್ದರು. ಕೊಳ್ಳುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅಮೆರಿಕ, ಇಂಗ್ಲೆಂಡುಗಳಲ್ಲಿದ್ದಾರೆ.

ಇಲ್ಲಿನ ಗಿರಾಕಿ ಯುಪಿಐ ಮೂಲಕ ಚಿಟಿಕೆ ಹೊಡೆಯುವುದರೊಳಗೆ ಹಣ ಕೊಡುತ್ತಾರೆ. ಅಮೆರಿಕದ ಕಾರ್ಡಿನ ಹಣಕ್ಕೆ ದಾರಿ ಬೇರೆ. 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದ ಪೇಪಾಲ್ ಹೊರದೇಶದ ಹಣವನ್ನು ತರಿಸಿಕೊಡುತ್ತದೆ. ನಮ್ಮ ದೇಶದ ಕೆಲವು ಪಾವತಿ ಸಂಸ್ಥೆಗಳೂ ಈ ಕೆಲಸ ಮಾಡುತ್ತವೆ. 60 ಡಾಲರಿನ ಶಾಲಿಗೆ ಶುಲ್ಕವೆಂದೂ, ಡಾಲರನ್ನು ರೂಪಾಯಿಗೆ ತಿರುಗಿಸುವ ದರದ ವ್ಯತ್ಯಾಸವೆಂದೂ 4-5 ಡಾಲರು ಸೋರಿಹೋಗುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ತರಿಸಿದರೆ ನಡುವಿನ ಬ್ಯಾಂಕುಗಳೂ ತಮ್ಮ ಪಾಲು ಮುರಿದುಕೊಳ್ಳುವುದುಂಟು. ಸಣ್ಣ ಮೊತ್ತಕ್ಕೆ ಅದು ಗಿಟ್ಟುವುದಿಲ್ಲ.

ಈ ಸೋರಿಕೆಗೆ ಮರುಗಿದವನು ನ್ಯೂಜೆರ್ಸಿಯಲ್ಲಿರುವ ನಮ್ಮ ಸೋದರಳಿಯ. 2023ರ ದೀಪಾವಳಿಗೆ ಮುನ್ನ ಫೋನು ಮಾಡಿ, "ಮಾಮಾ, ಆಫೀಸಿನಾಗ 10 ಮಂದಿ ಶಾಲು ಕೇಳ್ಯಾರ. ರೊಕ್ಕಾ ನಾನ ಕೂಡಿಸಿ, ಮನಿ ಖರ್ಚಿಗೆ ಅಂತ ಬರದು ನಿಮ್ಮ ಖಾತೆಗೆ ಹಾಕ್ತೀನಿ. ಕಮಿಷನ್ ಉಳೀತದ" ಎಂದ. ಬೇಡವೆಂದೆವು. "ನನ್ನ ಮ್ಯಾಲೆ ನಂಬಿಗಿ ಇಲ್ಲೇನು?" ಎಂದು ಮುನಿಸಿಕೊಂಡ.

ಅಳಿಯನ ಮೇಲೆ ನಂಬಿಗೆ ಬೇಕಾದಷ್ಟಿದೆ. ಆದರೆ ಹೊರದೇಶದಿಂದ ಬರುವ ಹಣಕ್ಕೆ ರಿಸರ್ವ್ ಬ್ಯಾಂಕು ಉದ್ದೇಶಕ್ಕೊಂದರಂತೆ ಸಂಕೇತ ಗೊತ್ತುಮಾಡಿದೆ. ಹೊರಗಿರುವ ಮಕ್ಕಳು ಮನೆಖರ್ಚಿಗೆ ಕಳುಹಿಸಿದರೆ ಪಿ1301. ರಫ್ತಾಗಲಿರುವ ಸರಕಿಗೆ ಮುಂಗಡ ಬಂದರೆ ಪಿ0103. ನಾವು 500 ರೂಪಾಯಿ ಕಟ್ಟಿ ಆಮದು-ರಫ್ತು ಸಂಖ್ಯೆ ಪಡೆದಿದ್ದೇವೆ. ಪಾರ್ಸೆಲ್ಲು ಹೋಗುವಾಗ ಕಸ್ಟಮ್ಸಿಗೆ ಬೆಲೆ ಬರೆದುಕೊಡುತ್ತೇವೆ. ರಫ್ತಿನ ಸರಕನ್ನು ಜಿಎಸ್‌ಟಿ ಕಟ್ಟದೆ ಕಳುಹಿಸಲು ವರ್ಷವರ್ಷವೂ ಮುಚ್ಚಳಿಕೆ ಕೊಡುತ್ತೇವೆ. ಹಣ ಮನೆಖರ್ಚಿನ ಹೆಸರಿನಲ್ಲಿ ಬಂದರೆ, ಕಾಗದದ ಪ್ರಕಾರ ಸರಕು ಹೋಗಿರುತ್ತದೆ, ಅದರ ಬೆಲೆ ಮಾತ್ರ ಬಂದಿರುವುದಿಲ್ಲ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ ಕೇಳುವುದೇ ಆ ಬೆಲೆಯನ್ನು.

ಇನ್ನೊಂದು ಸಂಗತಿಯೂ ಇದೆ. ಕಾರ್ಡಿನಲ್ಲಿ ಕೊಂಡವರು ಸರಕು ತಲುಪಲಿಲ್ಲವೆಂದು ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ, ಬಂದ ಹಣ ಕೆಲವು ವಾರಗಳ ಮೇಲೂ ಹಿಂದಕ್ಕೆ ಹೋಗಬಹುದು. ಆಗ ನಮ್ಮ ಪರವಾಗಿ ಸಾಕ್ಷಿ ಹೇಳುವುದು ಬಿಲ್ಲು, ಅಂಚೆಯ ರಸೀದಿ, ಪಾರ್ಸೆಲ್ಲಿನ ಜಾಡು ತೋರಿಸುವ ಸಂಖ್ಯೆ. ಆದ್ದರಿಂದ ಅಳಿಯನ ಸ್ನೇಹಿತರಿಗೆ ಒಬ್ಬೊಬ್ಬರಿಗೂ ಬೇರೆ ಬಿಲ್ಲು ಮಾಡಿ, ಹಣ ಕಟ್ಟುವ ಲಿಂಕು ಕಳುಹಿಸಿದೆವು. ಸೋರುವುದನ್ನು ಬೆಲೆಯಲ್ಲೇ ಸೇರಿಸಿ 65 ಡಾಲರು ಎಂದೆವು. ಹತ್ತರಲ್ಲಿ ಆರು ಮಂದಿ ಕೊಂಡರು. ಉಳಿದ ನಾಲ್ಕು ಶಾಲುಗಳ ಕೂಲಿಯನ್ನು ಆಗಲೇ ಕೊಟ್ಟಾಗಿತ್ತು. ಅಳಿಯ ಸಂಕ್ರಾಂತಿಗೆ ಫೋನು ಮಾಡಿದ, ಶಾಲಿನ ಮಾತೆತ್ತಲಿಲ್ಲ.

2024ರ ಬೇಸಿಗೆಯಲ್ಲಿ ವ್ಯಾಪಾರಕ್ಕೆ ಸಣ್ಣದೊಂದು ಸಾಲ ಕೇಳಲು ಹೋದಾಗ ಬ್ಯಾಂಕಿನ ಅಧಿಕಾರಿ ಮೊದಲು ಕೇಳಿದ್ದು ಹೊರದೇಶದ ಹಣದ ದಾಖಲೆಯನ್ನು. ವಿದೇಶಿ ಹಣ ಜಮೆಯಾದ ಪತ್ರಗಳನ್ನು ಬಿಲ್ಲುಗಳ ಜೊತೆಗೆ ಮೇಜಿನ ಮೇಲಿಟ್ಟೆವು. ಸಾಲ ಮಂಜೂರಾಯಿತು. ಅದರಿಂದ ಬಟ್ಟೆ, ದಾರ ಕೊಂಡು ಧಾರವಾಡದ ಇನ್ನಿಬ್ಬರಿಗೆ ಕೆಲಸ ಕೊಟ್ಟೆವು.

ನಮ್ಮ ಸಂಘದ ಮನೆಗಳಲ್ಲಿ ಹೊರದೇಶದಲ್ಲಿ ಮಕ್ಕಳಿರುವವರು ಬಹಳ; ಅಲ್ಲಿಗೆ ಏನಾದರೂ ಮಾರಬೇಕೆಂದು ಹೊರಟವರೂ ಇದ್ದಾರೆ. ಅವರಲ್ಲಿ ನಮ್ಮ ಅರಿಕೆ ಇಷ್ಟೆ. ಮಕ್ಕಳು ಮನೆಖರ್ಚಿಗೆ ಕಳುಹಿಸಿದ್ದು ಮಕ್ಕಳ ದುಡಿಮೆ; ಶಾಲು ಮಾರಿ ಬಂದದ್ದು ಎಳೆ ಎಣಿಸಿದವರ ದುಡಿಮೆ. ಎರಡನ್ನೂ ಒಂದೇ ಬಾಬ್ತಿಗೆ ಬರೆದರೆ ಧಾರವಾಡದ ಆ ಹೆಣ್ಣುಮಕ್ಕಳ ಕೆಲಸ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ.