ಅಡ್ಡದಾರಿ ಹಿಡಿದರೆ

ಹುಬ್ಬಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಶಿಗ್ಗಾಂವಿ ಎಂದರೆ ಬೆಂಗಳೂರು ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಊರು. ಸವಣೂರು ಎಂದರೆ ಖಾರ ಮತ್ತು ವೀಳ್ಯದೆಲೆ. ಹಾನಗಲ್ಲು ಎಂದರೆ ಗಂಗೂಬಾಯಿಯವರ ಹೆಸರಿನ ಕೊನೆಯ ಪದ. ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಮನೆತನದ ಊರು ಮಾತ್ರ ಹೆಸರಿನಲ್ಲಿ ಉಳಿಯಿತು. ಇನ್ನು ಹಿರೇಕೆರೂರು ಎಂದರೆ ‘ಅದು ಶಿವಮೊಗ್ಗಾ ಕಡೆ ಅಲ್ಲೇನು?’ ಎಂದು ಮನೆಯಲ್ಲೇ ಕೇಳುತ್ತಾರೆ. ದೊಡ್ಡ ಊರಿನವರು ಸುತ್ತಲಿನ ಊರುಗಳನ್ನು ಹೀಗೆ ಚೂರುಚೂರಾಗಿ ನೆನಪಿಟ್ಟಿರುತ್ತಾರೆ. ಆ ಊರಿನವರು ಹುಬ್ಬಳ್ಳಿಯನ್ನು ಹಾಗೆ ನೆನಪಿಟ್ಟುಕೊಂಡರೆ ನಡೆಯುವುದಿಲ್ಲ. ದೊಡ್ಡಾಸ್ಪತ್ರೆ, ಮದುವೆಯ ಜವಳಿ, ಟ್ರ್ಯಾಕ್ಟರಿನ ಬಿಡಿಭಾಗ, ನೌಕರಿಯ ಸಂದರ್ಶನ, ಎಲ್ಲಕ್ಕೂ ಅವರು ಅಲ್ಲಿನ ಯಾವ ಗಲ್ಲಿಯಲ್ಲಿ ತಿರುಗಬೇಕೆಂದು ತಿಳಿದಿರಬೇಕು.

ಈ ನಾಲ್ಕೂ ಊರು ಈಗ ಹಾವೇರಿ ಜಿಲ್ಲೆಯಲ್ಲಿವೆ. 1997ರಲ್ಲಿ ಧಾರವಾಡ ಜಿಲ್ಲೆಯ ದಕ್ಷಿಣ ಭಾಗವನ್ನು ಬೇರೆ ಮಾಡಿ ಈ ಜಿಲ್ಲೆ ಕಟ್ಟಿದರು. ಆದರೆ ದಾರಿಗಳು ಮೊದಲಿನಿಂದಲೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹಳೆಯ 4ನೇ ನಂಬರಿನ, ಈಗ 48ನೇ ನಂಬರಿನ ಹೆದ್ದಾರಿ ಹುಬ್ಬಳ್ಳಿಯಿಂದ ಶಿಗ್ಗಾಂವಿ, ಹಾವೇರಿ, ರಾಣೇಬೆನ್ನೂರು ದಾಟಿ ದಾವಣಗೆರೆಗೆ ನೆಟ್ಟಗೆ ಇಳಿಯುತ್ತದೆ. ರೈಲು ಹಳಿಯೂ ಅದರ ಮೂಡಲಿಗೆ ಹೆಚ್ಚುಕಡಿಮೆ ಹಾಗೇ ಹೋಗುತ್ತದೆ. ಸವಣೂರಿನ ಹೆಸರಿನಲ್ಲಿ ಒಂದು ಸ್ಟೇಷನ್ ಉಂಟು, ಊರು ಮಾತ್ರ ಅಲ್ಲಿಂದ ದೂರ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳಿಗೆ ಅದೂ ಇಲ್ಲ. ಉದ್ದಕ್ಕೆ ಹೋಗುವವರಿಗೆ ದಾರಿ ಸಲೀಸು. ಅಡ್ಡಕ್ಕೆ, ಅಂದರೆ ಒಂದು ತಾಲೂಕಿನಿಂದ ಪಕ್ಕದ ತಾಲೂಕಿಗೆ ಹೋಗುವವರಿಗೆ?

ಕಳೆದ ಚಳಿಗಾಲದಲ್ಲಿ ಗೆಳತಿಯೊಬ್ಬಳ ಜೊತೆ ಅದನ್ನೇ ನೋಡಲು ಹೊರಟೆ. ನಾವು ಹಾಕಿಕೊಂಡ ಕಟ್ಟಳೆ ಒಂದೇ: ನಾಲ್ಕೂ ಊರು ನೋಡಬೇಕು, ನಡುವೆ ಹಾವೇರಿಗೂ ಹೋಗಬಾರದು, ಹುಬ್ಬಳ್ಳಿಗೂ ಮರಳಬಾರದು. ‘ಅಡ್ಡದಾರಿ ಹಿಡಿಯಾಕ ಹೊಂಟೀರೇನ?’ ಎಂದು ಅಮ್ಮ ನಕ್ಕಳು.

ಶಿಗ್ಗಾಂವಿಗೆ ಬರುವ ಮುಂಚೆ ಹೆದ್ದಾರಿ ಪಕ್ಕದ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಉತ್ಸವ ರಾಕ್ ಗಾರ್ಡನ್ ಇದೆ. ಕಾರಿನಲ್ಲಿ ಬಂದವರು ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಎತ್ತು, ಸಿಮೆಂಟಿನ ಅಜ್ಜಿ ನೋಡಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಇದೇ ತಾಲೂಕಿನ ಒಳಗೆ ಶಿಶುನಾಳವಿದೆ. ಶರೀಫರ ತಂದೆತಾಯಿ ಮಗುವಿಗಾಗಿ ಹರಕೆ ಹೊತ್ತದ್ದು ಹುಲಗೂರಿನ ಖಾದರ್ ಷಾ ದರ್ಗಾಕ್ಕೆ ಎನ್ನುತ್ತಾರೆ. ಗುರು ಗೋವಿಂದಭಟ್ಟರು ಕಳಸದವರು. ಇವತ್ತಿನ ಲೆಕ್ಕದಲ್ಲಿ ಶಿಶುನಾಳ, ಹುಲಗೂರು ಹಾವೇರಿ ಜಿಲ್ಲೆಗೆ, ಕಳಸ ಧಾರವಾಡ ಜಿಲ್ಲೆಗೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಮನುಷ್ಯನ ಬದುಕೆಲ್ಲ ಇಂಥ ಅಡ್ಡದಾರಿಗಳ ಮೇಲೆಯೇ ಕಟ್ಟಿಕೊಂಡದ್ದು. ಹಿಂದೂ ಮುಸಲ್ಮಾನರಿಬ್ಬರೂ ಹೋಗುವ ಗದ್ದುಗೆ ಅದು. ಆ ಬಗ್ಗೆ ಭಾಷಣ ಬಹಳ ಕೇಳಿದ್ದೇವೆ. ಈ ಊರುಗಳು ಒಂದಕ್ಕೊಂದು ನಡೆದು ಮುಟ್ಟುವಷ್ಟು ಹತ್ತಿರ ಇದ್ದವು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸಿಲ್ಲ.

ಸವಣೂರಿಗೆ ಹೋಗುವ ಬಸ್ಸಿನಲ್ಲಿ ಹೆಂಗಸರೇ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಡುತ್ತಾರೆ. ಪಕ್ಕದಲ್ಲಿದ್ದ ಅಜ್ಜಿ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯಲ್ಲಿಟ್ಟುಕೊಂಡಳು. ತವರಿಗೆ ಹೊರಟಿದ್ದಳು. ‘ಮದಲ ವರ್ಷಕ್ಕ ಒಮ್ಮೆ ನಾಗರಪಂಚಮಿಗೆ ಹೋಗತಿದ್ದೆ ಯವ್ವಾ. ಈಗ ತಮ್ಮಗ ಜ್ವರಾ ಬಂದ್ರೂ ಹೋಗತೇನಿ.’

ಸವಣೂರು ಯಾರ ಹೊರವಲಯವೂ ಅಲ್ಲದ ಕಾಲ ಒಂದಿತ್ತು. 1948ರವರೆಗೆ ಅದು ನವಾಬರ ಸಂಸ್ಥಾನದ ರಾಜಧಾನಿ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಆ ಸಂಸ್ಥಾನದ ಊರಿನಲ್ಲಿ. ದೊಡ್ಡಹುಣಸೆ ಮಠದ ಅಂಗಳದಲ್ಲಿ ಮೂರು ಮರಗಳಿವೆ. ಹುಣಸೆ ಎಂದು ಹೆಸರೇ ಹೊರತು ಅವು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ನಾಲ್ಕಾರು ಜನ ಕೈ ಹಿಡಿದು ನಿಂತರೂ ಬುಡ ತಬ್ಬಲಾಗದು. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿತು; ಅದನ್ನು ಕಡಿದು ಸಾಗಿಸದೆ ಯಂತ್ರ ತಂದು ಎತ್ತಿ ಮತ್ತೆ ನೆಟ್ಟರು. ಆಫ್ರಿಕಾದಿಂದ ಇಲ್ಲಿಯವರೆಗೆ ಬೀಜ ತಂದವರಿಗೂ ಒಂದು ದಾರಿ ಇದ್ದಿರಬೇಕು, ಅದು ಹುಬ್ಬಳ್ಳಿಯ ಮೇಲೆ ಹಾದದ್ದೇನೂ ಅಲ್ಲ ಎಂದುಕೊಂಡು ಖಾರದ ಪೊಟ್ಟಣ ಕಟ್ಟಿಸಿಕೊಂಡೆವು.

ಅಲ್ಲಿಂದ ಬಂಕಾಪುರ. ಕೋಟೆಯೊಳಗೆ ನವಿಲುಧಾಮ, ನಗರೇಶ್ವರ ಗುಡಿ. ಗುಣಭದ್ರನ ‘ಉತ್ತರಪುರಾಣ’ಕ್ಕೆ 9ನೇ ಶತಮಾನದ ಕೊನೆಯಲ್ಲಿ ಪೂಜೆ ನಡೆದದ್ದು ಇದೇ ಊರಿನಲ್ಲಿ. ಹತ್ತಿರದ ಬಾಡ ಕನಕದಾಸರು ಹುಟ್ಟಿದ ಊರು. ಅವರು ಬಾಡದ ಆದಿಕೇಶವನನ್ನು ಕಾಗಿನೆಲೆಗೆ ಒಯ್ದು ನೆಲೆಗೊಳಿಸಿದರೆಂದು ನಂಬಿಕೆ. ಅದೂ ಅಡ್ಡದಾರಿಯೇ; ದೇವರು ಸಹ ಆ ದಾರಿಯಲ್ಲಿ ಹೋದ.

ಸಂಜೆ ಹಾನಗಲ್ಲು ಮುಟ್ಟಿದೆವು. ಒಂದು ಕಾಲಕ್ಕೆ ಕದಂಬರ ಒಂದು ಶಾಖೆ ಪಾನುಂಗಲ್ಲು ಎಂಬ ಹೆಸರಿನ ಈ ಊರಿನಿಂದ ಆಳುತ್ತಿತ್ತು. ತಾರಕೇಶ್ವರ ಗುಡಿಯ ಒಳಗೆ ನಿಂತು ಕತ್ತೆತ್ತಿದರೆ ಚಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ ತಲೆಕೆಳಗಾಗಿ ಅರಳಿ ನಿಂತಿದೆ. ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಹಿರೇಕೆರೂರಿನ ಬಸ್ಸು ವಿಚಾರಿಸಿದರೆ ಒಬ್ಬರು ಸಮಾಧಾನದಿಂದ ಹೇಳಿದರು: ‘ಹಾವೇರಿ ಮ್ಯಾಲೆ ಹೋಗಿಬಿಡ್ರಿ ಅಕ್ಕಾರ, ಸುತ್ತಾದ್ರೂ ಸುಲಭ.’ ನಾವು ಒಪ್ಪಲಿಲ್ಲ. ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು, ಹಂಸಭಾವಿ ಎಂದು ಬಸ್ಸು ಬದಲಿಸುತ್ತ ಹೊರಟೆವು. ಒಂದು ಕಡೆ ಮಲೆನಾಡಿನ ಅಂಚು, ಭತ್ತದ ಗದ್ದೆ, ಅಡಿಕೆ ತೋಟ. ನೋಡುನೋಡುತ್ತ ಗೋವಿನಜೋಳದ ಹೊಲ. ಹೆದ್ದಾರಿಯಲ್ಲಿ ಕಾಣದ ಈ ತಿರುವು ಇಲ್ಲಿ ಒಂದೇ ಮುಂಜಾನೆಯಲ್ಲಿ ಕಾಣುತ್ತದೆ.

ಈ ದಾರಿಯಲ್ಲಿ ಸಿಕ್ಕ ಹುಡುಗಿಯ ಮಾತು ಇನ್ನೂ ಮರೆತಿಲ್ಲ. ಬಿ.ಎ. ಮೊದಲ ವರ್ಷ. ಪಿಯುಸಿಯಲ್ಲಿ ಸೈನ್ಸ್ ಓದಿದವಳು, ಒಳ್ಳೆಯ ಅಂಕವಿತ್ತು. ಬಿ.ಎಸ್ಸಿ. ಯಾಕೆ ಬಿಟ್ಟೆ ಎಂದರೆ ಕಿಟಕಿಯಾಚೆ ನೋಡುತ್ತ ಹೇಳಿದಳು: ‘ಪ್ರ್ಯಾಕ್ಟಿಕಲ್ ಮುಗಿಯೂದು ಸಂಜಿ ಆಗತೈತ್ರಿ. ನಮ್ಮೂರ ಕಡೆ ಆಮ್ಯಾಲೆ ಬಸ್ಸಿಲ್ಲ.’ ಬಸ್ಸು ಈಗ ಪುಕ್ಕಟೆ ಅಲ್ಲವಾ ಎಂದಳು ನನ್ನ ಗೆಳತಿ. ‘ರೊಕ್ಕ ಬ್ಯಾಡ್ರಿ ಅಕ್ಕಾ. ಆದ್ರ ಬಸ್ಸ ಬೇಕಲ್ರಿ.’ ಹಾಸ್ಟೆಲಿಗೆ ಅವಳ ಅಪ್ಪ ಒಪ್ಪಿರಲಿಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಇಪ್ಪತ್ತೆರಡು ಕಿಲೋಮೀಟರಿಗೆ ಚಿಗರಿ ಬಸ್ಸು ತನ್ನದೇ ಹಾದಿಯಲ್ಲಿ ಮೇಲಿಂದ ಮೇಲೆ ಓಡುತ್ತದೆ. ಒಂದು ತಪ್ಪಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಅದರಲ್ಲಿ ಓಡಾಡಿ ಕಾಲೇಜು ಮುಗಿಸಿದ ನಾನು ಯಾವ ವಿಷಯ ಓದಬೇಕೆಂದು ತೀರ್ಮಾನಿಸುವಾಗ ಗಡಿಯಾರ ನೋಡಿರಲಿಲ್ಲ. ಆ ಹುಡುಗಿ ನೋಡಿದ್ದು ಅದನ್ನೇ. ಅವಳ ಊರು ಬಂತು. ಇಳಿಯುವಾಗ ‘ಹೋಗಿ ಬರ್ತೀನ್ರಿ ಅಕ್ಕಾ’ ಎಂದು ಕೈ ಬೀಸಿದಳು.

ಹಿರೇಕೆರೂರಿನ ಸ್ಟ್ಯಾಂಡಿನಲ್ಲಿ ಇಳಿದಾಗ ಮಾತಿನ ಧಾಟಿಯೇ ತುಸು ಬದಲಾಗಿತ್ತು. ಜನ ಶಿಕಾರಿಪುರ, ರಾಣೇಬೆನ್ನೂರು, ದಾವಣಗೆರೆ, ಶಿವಮೊಗ್ಗ ಎನ್ನುತ್ತಿದ್ದರು. ಹುಬ್ಬಳ್ಳಿಯ ಹೆಸರು ಕಿವಿಗೆ ಬೀಳಲಿಲ್ಲ. ಏಕಾಂತದ ರಾಮಯ್ಯನ ಶಾಸನವಿರುವ ಅಬಲೂರು ಇದೇ ತಾಲೂಕಿನದು. ಸರ್ವಜ್ಞನ ಹೆಸರಿನ ಜೊತೆಗೂ ಆ ಊರನ್ನು ಹೇಳುತ್ತಾರೆ. ಚಹಾದ ಅಂಗಡಿಯವರು ‘ಎಲ್ಲಿಂದ ಬಂದ್ರಿ?’ ಎಂದು ಕೇಳಿದರು. ಹುಬ್ಬಳ್ಳಿ ಎಂದಾಗ ‘ಅಷ್ಟ ದೂರದಿಂದ್ಯಾ?’ ಎಂದು ಬೆರಗಾದರು. ಅವರಿಗೆ ನಮ್ಮ ಊರೇ ಒಂದು ಅಂಚು.

ಈ ಕಡೆ ಹೋಗುವ ಮನಸ್ಸಿದ್ದವರು ಕಾರು ಬಿಟ್ಟು ಬಸ್ಸಿನಲ್ಲಿ ಹೋಗಲಿ, ಬೆಳಿಗ್ಗೆ ಬೇಗ ಹೊರಡಲಿ. ಮಧ್ಯಾಹ್ನದ ಮೇಲೆ ಎಲ್ಲೇ ಇಳಿದರೂ ಗುಡಿ, ಕೋಟೆ ನೋಡುವ ಮೊದಲು ‘ಲಾಸ್ಟ್ ಬಸ್ಸು ಎಷ್ಟಕ್ಕೈತ್ರಿ?’ ಎಂದು ಕೇಳಿಟ್ಟುಕೊಳ್ಳಲಿ. ಉತ್ತರ ಹೇಳುವವರು ಯಾರೂ ವೇಳಾಪಟ್ಟಿ ನೋಡುವುದಿಲ್ಲ. ಅದು ಅವರಿಗೆ ಬಾಯಿಪಾಠ.