ನಾನು ಕಂಡ ಗವಾನನ ಶಾಲೆ

ನಾವು ಬೀದರಿಗೆ ಹೋಗಿದ್ದು ಬಸ್ಸಿನಲ್ಲಿ, ಆದರೆ ಬೀದರ ನೋಡಿದ್ದು ನಡೆದುಕೊಂಡೇ. ಹಳೇ ಊರಿನ ಓಣಿಗಳನ್ನು ಬಸ್ಸಿನಲ್ಲಿ ಕೂತು ನೋಡಿದರೆ ನೋಡಿದಂಗ ಆಗೂದಿಲ್ಲ ಎಂದು ಗುರುಗಳು ಮೊದಲೇ ಹೇಳಿದ್ದರು. ಊರು ತೋರಿಸಲು ವಯಸ್ಸಾದ ಒಬ್ಬ ಕಾಕಾ ಜೊತೆಗೆ ಬಂದರು. ಕೈಯಲ್ಲಿ ಛತ್ರಿ, ಬಾಯಲ್ಲಿ ಅರ್ಧ ಕನ್ನಡ ಅರ್ಧ ಉರ್ದು. ಅವರು ಛತ್ರಿ ಎತ್ತಿದರೆ ನಾವು ನಿಲ್ಲಬೇಕು, ಇಳಿಸಿದರೆ ನಡೆಯಬೇಕು.

ಮೊದಲು ಚೌಬಾರಾ. ದಾರಿಗಳು ಕೂಡುವಲ್ಲಿ ನಿಂತಿರುವ ದುಂಡನೆಯ ಕಾವಲು ಗೋಪುರವಿದು, ಎತ್ತರ 71 ಅಡಿ. ಬಹಮನಿ ಸುಲ್ತಾನ ಅಹಮದ್ ಶಹಾ 1420ರ ದಶಕದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಎಂಬುದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಆದರೆ ಗೋಪುರದ ಬುಡದಲ್ಲಿ ನಿಂತು, ಪಕ್ಕದಲ್ಲಿ ಬಾಳೆಹಣ್ಣಿನ ಗಾಡಿ ಹೋಗುತ್ತಿರುವಾಗ ಅದನ್ನೇ ಕೇಳಿದರೆ ಬೇರೆ ಥರ ಕೇಳಿಸುತ್ತದೆ. ಹಾದಿಯಲ್ಲಿ ಬಿದರಿ ಕೆಲಸದ ಅಂಗಡಿಯಿಂದ ಟಕ್ ಟಕ್ ಸಪ್ಪಳ ಬಂತು. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದು, ಮೇಲೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಪಾತ್ರೆ ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೋಟೆಯ ಮಣ್ಣಿಗೂ ಬೆಲೆ ಇದೆ ನೋಡಿರಿ!

ಅಲ್ಲಿಂದ ಮುಂದೆ ಮಹಮೂದ್ ಗವಾನನ ಮದರಸಾ. ಮದರಸಾ ಎಂದರೆ ಶಾಲೆ. 1472ರಲ್ಲಿ ಕಟ್ಟಿದ್ದು, ಮೂರು ಅಂತಸ್ತು. ಪಾಠದ ದೊಡ್ಡ ಹಾಲುಗಳು, ಗ್ರಂಥಾಲಯ, ಗುರುಗಳಿಗೆ ಮನೆ, ಇರಲು ಬಂದ ವಿದ್ಯಾರ್ಥಿಗಳಿಗೆ ಕೋಣೆ, ಎಲ್ಲಾ ಒಂದೇ ಕಟ್ಟಡದಲ್ಲಿ. ಎದುರಿನ ಗೋಡೆಗೆ ನೀಲಿ, ಹಳದಿ, ಬಿಳಿ ಬಣ್ಣದ ಟೈಲ್ಸ್, ಅದರಲ್ಲೇ ದೊಡ್ಡ ದೊಡ್ಡ ಅಕ್ಷರ. ಐನೂರು ವರ್ಷ ಬಿಸಿಲು ಮಳೆ ತಿಂದರೂ ಆ ನೀಲಿ ಇನ್ನೂ ಕಣ್ಣು ಕುಕ್ಕುತ್ತದೆ.

ಗವಾನ್ ಇರಾನ್ ದೇಶದ ಗೀಲಾನದವನು. ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. ಹೊರಗಿನಿಂದ ಬಂದವನು ಇಷ್ಟು ಮೇಲೆ ಏರಿದ್ದು ಕೆಲವರಿಗೆ ಸಹಿಸಲಿಲ್ಲ. ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೇ ಮಹಮದ್ ಶಹಾ ವಿಚಾರಣೆಯನ್ನೇ ಮಾಡಲಿಲ್ಲ. 1481ರಲ್ಲಿ ಆ ಮುದುಕನ ತಲೆ ಹೋಯಿತು. ಚಿಕ್ಕ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಈ ಸುಲ್ತಾನನ ರಾಜ್ಯವನ್ನು ಬೆಳೆಸಿದವನೇ ಗವಾನ್. ನಿಜ ತಿಳಿದ ಮೇಲೆ ಸುಲ್ತಾನ ಕೊರಗಿದ, ಮರುವರ್ಷವೇ ಸತ್ತ. ಇದನ್ನು ಹೇಳುವಾಗ ಕಾಕಾನ ದನಿ ತನ್ನಷ್ಟಕ್ಕೆ ತಾನೇ ಸಣ್ಣದಾಯಿತು.

ಶಾಲೆಯದೂ ಅದೇ ಗತಿ. ಔರಂಗಜೇಬನ ಕಾಲದಲ್ಲಿ ಇದರೊಳಗೆ ತೋಪಿನ ಮದ್ದು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿದು ಮುಂದಿನ ಒಂದು ಬದಿ ನೆಲ ಕಚ್ಚಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು.

ನಮ್ಮ ಗುಂಪಿನ ಒಬ್ಬ ಹುಡುಗ ಒಳಗಿನ ಕೋಣೆಯಲ್ಲಿ ಹಿಂದೆ ಉಳಿದ. ಅವನ ಹೆಸರು ಬರೆಯುವುದಿಲ್ಲ, ಅವನೂ ಈ ಗೋಡೆ ಪತ್ರಿಕೆ ಓದುತ್ತಾನೆ. ಕಂಪಾಸ್ ಡಬ್ಬಿಯಿಂದ ಕೈವಾರ ತೆಗೆದು ಗಚ್ಚಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದ್ದ. ಅಷ್ಟರಲ್ಲಿ ಕಾಕಾ ಬಂದರು. ಬೈತಾರ ಅಂತ ನಾವೆಲ್ಲ ಉಸಿರು ಹಿಡಿದು ನಿಂತೆವು. ಅವರು ಬೈಯಲಿಲ್ಲ.

“ಬೇಟಾ, ಇದು ಯಾರು ಓದ್ಲಿ ಅಂತ ಬರೀತಿ?”

ಹುಡುಗನೂ ಚೂಟಿ. “ಮುಂದ ಬರೋರು ಓದ್ತಾರ ಕಾಕಾ. ಹೊರಗಿನ ಗೋಡಿ ಮ್ಯಾಲ ಅವ್ರು ಬರಿಸ್ಯಾರ, ಎಲ್ಲಾರೂ ನೋಡ್ಲಿಕ್ಕೆ ಬರ್ತಾರ. ನಾ ಬರದರ ಏನಾತು?”

ಕಾಕಾ ಛತ್ರಿಯ ತುದಿಯಿಂದ ಗೋಡೆಯ ಉದ್ದಕ್ಕೂ ತೋರಿಸುತ್ತಾ ಹೋದರು. ಅಲ್ಲಿ ಎಷ್ಟು ಹೆಸರು! ಒಂದರ ಮೇಲೆ ಒಂದು ಬಿದ್ದು ಯಾವುದೂ ಓದಲು ಬರುವುದಿಲ್ಲ.

“ಓದು ನೋಡೋಣ, ಒಂದಾದ್ರೂ,” ಅಂದರು. ಅವನು ಸುಮ್ಮನೆ ನಿಂತ. “ಮದ್ದು ಸಿಡಿದು ಅರ್ಧ ಹೋಯ್ತು, ಅದು ಒಂದೇ ದಿನದಾಗ. ಉಳಿದ ಅರ್ಧ ನೀವು ದಿನಕ್ಕೊಂದು ಅಕ್ಷರ ಒಯ್ಲಾಕತ್ತೀರಿ.”

ಇಂಥ ಕಟ್ಟಡ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಗುರುಗಳು ಹೊರಗೆ ಬಂದ ಮೇಲೆ ಹೇಳಿದರು. ನಮಗೆ ಆ ಲಕ್ಷಕ್ಕಿಂತ ಕಾಕಾನ ಮಾತೇ ಹೆಚ್ಚು ನಾಟಿತು. ಆದರೂ ಹುಡುಗನ ಪ್ರಶ್ನೆ ಸುಳ್ಳಲ್ಲ ಎಂದು ನನಗೆ ಅನಿಸುತ್ತದೆ. ತನ್ನ ಹೆಸರು ಎಲ್ಲಾದರೂ ನಿಲ್ಲಬೇಕು ಎಂಬ ಆಸೆ ಯಾರಿಗಿಲ್ಲ? ನಮ್ಮ ಶಾಲೆಯ ಬೆಂಚು ನೋಡಿರಿ, ಹೆಸರಿಲ್ಲದ ಹಲಗೆ ಒಂದಿಲ್ಲ.

ಕೋಟೆಯಲ್ಲಿ ಬಹಳ ಹೊತ್ತು ಸಿಗಲಿಲ್ಲ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಹೊಳೆಯುತ್ತದೆ. ನನಗೆ ಅದಕ್ಕಿಂತ ಕಂದಕವೇ ಹೆಚ್ಚು ಹಿಡಿಸಿತು. ಅಲ್ಲಿ ಒಂದರ ಪಕ್ಕ ಒಂದು ಮೂರು ಕಂದಕ, ಎಲ್ಲಾ ಕೆಂಪು ಬಂಡೆ ಕಡಿದು ಮಾಡಿದ್ದು. ನಡುವಿನ ಗೋಡೆಗಳು ಕಟ್ಟಿದವಲ್ಲ, ಕಡಿಯದೆ ಬಿಟ್ಟ ಬಂಡೆಯೇ ಗೋಡೆಯಾಗಿ ನಿಂತಿದೆ. ಗವಾನನ ಗೋರಿ ಊರ ಹೊರಗಿದೆಯಂತೆ, ತೀರಾ ಸಾದಾ. ಹೊತ್ತು ಮುಳುಗಿದ್ದರಿಂದ ಅಲ್ಲಿಗೆ ಹೋಗಲಿಲ್ಲ.

ಮದರಸಾದಿಂದ ಬಾಯಿ ಬಿಡದಿದ್ದ ನಮ್ಮ ಹುಡುಗ ಕಂದಕದ ದಂಡೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ. ಇಣುಕಿದರೆ ಮೂರು ಕಂದಕದ ಚಿತ್ರ. ಚೆನ್ನಾಗಿಯೇ ಬಂದಿದೆ. ಮುಂದಿನ ಸಂಚಿಕೆಗೆ ಕೊಡುತ್ತೇನೆ, ಆದರೆ ಕೆಳಗೆ ಹೆಸರು ದೊಡ್ಡದಾಗಿ ಹಾಕಬೇಕು ಎಂದಿದ್ದಾನೆ. ಬಲಗಡೆ ಮೂಲೆಯಲ್ಲಿ ಜಾಗ ಬಿಟ್ಟಿದ್ದೇವೆ.