ಉತಾರದೊಳಗಿನ ಹೆಸರು

ಗಡಿನಾಡಿನ ಕಚೇರಿಯೊಂದರ ಮುಂದೆ ಅರ್ಜಿ ಬರೆಯುವವನ ಮೇಜು. ನಿಪ್ಪಾಣಿಯ ಮಗ್ಗುಲ ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ ಕಾಗದವನ್ನು ಅವನ ಮುಂದೆ ಹರಡುತ್ತಾಳೆ. ಅದು ಅವಳ ಹೊಲದ ಉತಾರ. ಮೈಸೂರಿನ ಕಡೆಯವರು ಪಹಣಿ ಎನ್ನುವುದಕ್ಕೆ ಇಲ್ಲಿಯ ಹೆಸರು ಉತಾರ. ಗಡಿ ದಾಟಿ ಕಾಗಲಕ್ಕೆ ಹೋದರೆ ಸಾತಬಾರಾ.

“ಇದರಾಗ ನನ್ನ ಹೆಸರು ಎಲ್ಲಿ ಐತಿ, ತೋರಸಪಾ.”

“ಇಲ್ಲಿ ಐತಿ ನೋಡ, ಆಯಿ” ಎಂದು ಅವನು ಬೆರಳಿಡುತ್ತಾನೆ. ಅವಳು ನೋಡುವುದು ಬೆರಳನ್ನು, ಅಕ್ಷರವನ್ನಲ್ಲ.

ಅವಳು ನಿರಕ್ಷರಿಯೆಂದು ಭಾವಿಸಬೇಕಾಗಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವಳು. ಪೋಥಿಯನ್ನು ತಡವರಿಸದೆ ಓದಬಲ್ಲಳು. ಸಂತೆಯ ಕನ್ನಡವೂ ಚೆನ್ನಾಗಿ ಬರುತ್ತದೆ. ಲಿಪಿ ಮಾತ್ರ ಬಾರದು. ಕಚೇರಿಯ ಮೆಟ್ಟಿಲ ಬಳಿ ಬಂದೊಡನೆ ಅವಳ ವಿದ್ಯೆಯೆಲ್ಲ ಕೆಲಸಕ್ಕೆ ಬಾರದಂತಾಗುತ್ತದೆ.

ಇದರಲ್ಲಿ ಕನ್ನಡದ ತಪ್ಪೇನು ಎಂದು ವಾಚಕರು ಕೇಳಿಯಾರು. ಕೇಳುವುದಕ್ಕೆ ಕಾರಣವೂ ಉಂಟು. ಮುಂಬಯಿ ಆಡಳಿತದಲ್ಲಿ ಈ ಸೀಮೆಯ ಎಷ್ಟೋ ಕನ್ನಡ ಮಕ್ಕಳು ಮನೆಯ ಮಾತನ್ನು ಹೊಸ್ತಿಲಲ್ಲೇ ಬಿಟ್ಟು ಮರಾಠಿ ಶಾಲೆಗೆ ನಡೆದರು. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಆ ನೋವನ್ನು ಕಂಡೇ. ರಾಯಬಾಗವಂತೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು, ಚಂದಗಡವೊಂದನ್ನು ಬಿಟ್ಟು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. 1963ರ ಕಾನೂನಿನಿಂದ ಕನ್ನಡ ಆಡಳಿತ ಭಾಷೆಯಾಯಿತು. ಚಿಕ್ಕೋಡಿಯ, ಅಥಣಿಯ ರೈತನಿಗೆ ತನ್ನ ಮಾತಿನಲ್ಲಿ ಕಾಗದ ಬಂದದ್ದು ಯಾರ ದಯೆಯೂ ಅಲ್ಲ, ತಡವಾಗಿ ಸಂದ ನ್ಯಾಯ.

1967ರಲ್ಲಿ ಮಹಾಜನ ಆಯೋಗವು ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಜತ್ತ ಮತ್ತು ಅಕ್ಕಲಕೋಟೆ ಮೈಸೂರಿಗೆ ಎಂದಿತು. ಎರಡೂ ನಡೆಯಲಿಲ್ಲ. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಊರುಗಳು ಇದ್ದಲ್ಲಿಯೇ ಇವೆ. ಕಾಗವಾಡದ ರೋಗಿ ಇಂದಿಗೂ ಮಿರಜಿನ ಆಸ್ಪತ್ರೆಗೆ ಹೋಗುತ್ತಾನೆ. ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ, ಅವನು ಕನ್ನಡದಲ್ಲಿ ನರಳುತ್ತಾನೆ, ಔಷಧಕ್ಕೇನೂ ಅಡ್ಡಿಯಾಗುವುದಿಲ್ಲ!

ಅಡ್ಡಿಯಾಗುವುದು ಕಾಗದದಲ್ಲಿ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ಪ್ರಜೆಯಾದರೂ ತನ್ನ ದೂರನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. ಮುದುಕಿ ಮರಾಠಿಯಲ್ಲಿ ಬರೆದುಕೊಟ್ಟರೆ ತಿರಸ್ಕರಿಸುವಂತಿಲ್ಲ. ಆದರೆ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ವಿಧಿ ಹೇಳುವುದಿಲ್ಲ. ಬಾಯಿಗೆ ಹಕ್ಕು ಕೊಟ್ಟ ಕಾನೂನು ಕಿವಿಯ ಸಂಗತಿಯನ್ನು ಮರೆತಿದೆ. ಇನ್ನು 350ಎ ವಿಧಿ. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಲಿ ಎಂಬ ಅದು ಜಾರಿಗೆ ಬಂದದ್ದು ರಾಜ್ಯಗಳ ಗಡಿ ಬದಲಾದ ಆ ನವೆಂಬರ್ 1ರಂದೇ. ಗೆರೆ ಎಳೆದವರಿಗೆ ಗೆರೆಯ ಆಚೀಚೆ ಉಳಿಯುವ ಮಕ್ಕಳ ನೆನಪಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಮೊಮ್ಮಗ ಶಾಲೆಯಲ್ಲಿ ಕನ್ನಡ ಕಲಿಯುತ್ತಾನೆ, ಕಲಿಯಲೇಬೇಕು. ಅಜ್ಜಿ ಈ ವಯಸ್ಸಿನಲ್ಲಿ ಓಂಕಾರ ತಿದ್ದಲಾರಳು. ಅವಳ ಕನ್ನಡ ಉತಾರದೊಡನೆ ಮರಾಠಿಯ ನಕಲೊಂದನ್ನು ಕೊಟ್ಟರೆ ಕನ್ನಡದ ಪಟ್ಟಕ್ಕೆ ಕುಂದಿಲ್ಲ. ಜತ್ತದ ಹಳ್ಳಿಯಲ್ಲಿ ಮರಾಠಿ ಸಾತಬಾರಾ ಹಿಡಿದು ನಿಂತ ಕನ್ನಡದ ಮುದುಕನ ಪಾಡೂ ಇದೇ. ಅವನಿಗಾಗಿ ಕೇಳುವ ಬಾಯಿ ಇವಳಿಗಾಗಿ ಮುಚ್ಚಿದರೆ ಆ ಕೇಳಿಕೆಗೆ ಬಲವೆಲ್ಲಿಯದು?

ಅರ್ಜಿಯ ಕೆಲಸ ಮುಗಿಯಿತು. ಮುದುಕಿ ದುಡ್ಡು ಎಣಿಸಿಕೊಟ್ಟಳು. ಏಳುವ ಮುನ್ನ, “ಅದರ ಮಗ್ಗಲಿಗೆ ಬಾಳಬೋಧದಾಗ ಒಂದೀಟ ಬರದ ಕೊಡಪಾ” ಎಂದಳು. ಅವನು ಪೆನ್ಸಿಲಿನಿಂದ ಕನ್ನಡದ ಹೆಸರಿನ ಪಕ್ಕದಲ್ಲಿ ದೇವನಾಗರಿಯಲ್ಲಿ ಸಣ್ಣಗೆ ಬರೆದ. ಅವಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ತನ್ನ ಹೆಸರನ್ನು ಗಟ್ಟಿಯಾಗಿ ಓದಿಕೊಂಡಳು. ಮತ್ತೆ ನಾಲ್ಕಾಗಿ ಮಡಿಸಿ ಸೆರಗಿಗೆ ಕಟ್ಟಿ, ಬಸ್ಸಿನ ಕಡೆಗೆ ನಡೆದಳು.